ಬುಕ್ಕರಾಯನ ಮುಂದೆ ಭವ್ಯಜನರ ಬಿನ್ನಹ

ಹರಿಹರದ ಶ್ರೀ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದನು. ತುಂಗಭದ್ರೆಗೆ ಹರಿದ್ರಾ ನದಿಯು ಬಂದು ಸೇರುವ ಈ ಊರಿಗೆ ಹಿಂದೆ ಕೂಡಲೂರೆಂಬ ಹೆಸರಿತ್ತು. ಗರ್ಭಗೃಹದಲ್ಲಿರುವ ವಿಗ್ರಹದ ಬಲಭಾಗ ಹರ, ಎಡಭಾಗ ಹರಿ. ಶೈವ ಮತ್ತು ವೈಷ್ಣವ ಎಂಬ ಎರಡು ದೊಡ್ಡ ಸಮಯಗಳು ಒಂದೇ ಶಿಲೆಯಲ್ಲಿ ಒಂದಾಗಿ ನಿಂತಿರುವ ಈ ಕ್ಷೇತ್ರವು ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿದೆ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ವರ್ತಕರಿಗೆ ಇದು ನಿತ್ಯದ ದಾರಿ. ಸಮಯ ಸಮನ್ವಯದ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ಈ ವಿಗ್ರಹದ ಉದಾಹರಣೆಯನ್ನು ಕೊಡುವುದು ವಾಡಿಕೆ, ಮತ್ತು ಅದು ಯೋಗ್ಯವೂ ಹೌದು.

ಆದರೆ ಈ ವಿಗ್ರಹವು ಇನ್ನೊಂದು ಪ್ರಶ್ನೆಯನ್ನು ಉಳಿಸುತ್ತದೆ. ಇಬ್ಬರು ದೊಡ್ಡವರು ರಾಜಿಯಾದಾಗ ಅದೇ ಊರಿನಲ್ಲಿರುವ ಮೂರನೆಯ ಚಿಕ್ಕವನ ಗತಿ ಏನು? ಸಂಖ್ಯೆಯಲ್ಲಿ ಕಡಿಮೆಯಾದವನು, ಆಯುಧ ಹಿಡಿಯದ ವ್ರತವುಳ್ಳವನು, ನೆರೆಹೊರೆಯವರೊಡನೆಯೇ ಕೊಡುಕೊಳ್ಳುವ ವ್ಯವಹಾರ ಮಾಡಿ ಬದುಕಬೇಕಾದವನು ತನಗೆ ಅನ್ಯಾಯವಾದಾಗ ಬಾಯಿ ತೆರೆಯುವುದಕ್ಕೆ ಧೈರ್ಯವನ್ನು ಎಲ್ಲಿಂದ ತರಬೇಕು? ಕರ್ನಾಟಕದ ಶಾಸನಗಳಲ್ಲಿ ಇದಕ್ಕೆ ಉತ್ತರವಿದೆ. ಆ ಉತ್ತರವು ಎದೆಗಾರಿಕೆಯ ಕಥೆಗಿಂತ ಹೆಚ್ಚಾಗಿ ಕಾಗದಪತ್ರದ ಕಥೆಯಾಗಿದೆ ಎಂಬುದು ವರ್ತಕ ಕುಟುಂಬಗಳ ಗಮನಕ್ಕೆ ಬರಬೇಕಾದ ಸಂಗತಿ.

ಮೊದಲು ಮಾತು ಸೋತ ಪ್ರಸಂಗವನ್ನು ನೋಡುವುದು ಒಳ್ಳೆಯದು. ಹರಿಹರದಿಂದ ಪಶ್ಚಿಮಕ್ಕೆ, ಇಂದಿನ ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯಲ್ಲಿ ಅಬಲೂರೆಂಬ ಗ್ರಾಮವಿದೆ. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಕ್ರಿ.ಶ. 1200ರ ಸುಮಾರಿನ ದೀರ್ಘವಾದ ಶಾಸನವೊಂದುಂಟು. ಏಕಾಂತದ ರಾಮಯ್ಯನೆಂಬ ಶಿವಭಕ್ತನಿಗೂ ಆ ಊರಿನ ಜೈನರಿಗೂ ವಾದ ನಡೆಯಿತು. ತನ್ನ ಶಿರಸ್ಸನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆಯುವೆನೆಂದು ರಾಮಯ್ಯನು ಪಣ ಒಡ್ಡಿದನು. ಹಾಗಾದ ಪಕ್ಷದಲ್ಲಿ ಜಿನಬಿಂಬವನ್ನು ಕಿತ್ತು ಶಿವನನ್ನು ಸ್ಥಾಪಿಸುವೆವೆಂದು ಜೈನರು ಓಲೆ ಬರೆದುಕೊಟ್ಟರು. ಏಳನೆಯ ದಿನ ಶಿರಸ್ಸು ಮರಳಿ ಬಂದಿತೆಂದೂ, ಜೈನರು ಮಾತಿಗೆ ತಪ್ಪಲು ರಾಮಯ್ಯನು ಬಿಂಬವನ್ನು ಭಂಗಗೊಳಿಸಿದನೆಂದೂ ಶಾಸನವು ಹೇಳುತ್ತದೆ. ಗೆದ್ದವರು ಬರೆಯಿಸಿದ ಶಾಸನವಿದು. ಪವಾಡದ ಸತ್ಯಾಸತ್ಯತೆ ಇಲ್ಲಿನ ವಿಷಯವಲ್ಲ. ಅನಂತರ ನಡೆದುದು ಮುಖ್ಯ. ಜೈನರು ಕಲಚುರಿ ಬಿಜ್ಜಳನ ಬಳಿಗೆ ಹೋಗಿ ದೂರಿತ್ತರು. ಬಿಜ್ಜಳನು ರಾಮಯ್ಯನನ್ನು ಕರೆಯಿಸಿ ಕೇಳಲು ಅವನು ಜೈನರೇ ಬರೆದುಕೊಟ್ಟಿದ್ದ ಓಲೆಯನ್ನು ಮುಂದಿಟ್ಟನು. ಇನ್ನೊಮ್ಮೆ ಪಣವೊಡ್ಡುವುದಾದರೆ ಆ ಪವಾಡವನ್ನು ಮತ್ತೆ ತೋರಿಸುವೆನೆಂದೂ ಹೇಳಿದನು. ತಾವು ನಷ್ಟವನ್ನು ಅರಿಕೆ ಮಾಡಲು ಬಂದವರೇ ಹೊರತು ಉಳಿದುದನ್ನೂ ಪಣಕ್ಕಿಡಲು ಬಂದವರಲ್ಲವೆಂದು ಜೈನರು ಹಿಂಜರಿದರು. ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟು ಕಳುಹಿಸಿದನು.

ಅಬಲೂರಿನ ಶ್ರಾವಕರು ಹೇಡಿಗಳಾಗಿರಲಿಲ್ಲ. ದೊರೆಯ ಆಸ್ಥಾನದವರೆಗೆ ಹೋದರು, ಮಾತನಾಡಿದರು. ಆದರೆ ಜಿನಾಲಯವನ್ನು ಪಣಕ್ಕಿಟ್ಟ ಓಲೆ ಅವರ ಹಸ್ತಾಕ್ಷರದಲ್ಲಿಯೇ ಎದುರು ಪಕ್ಷದ ಕೈಯಲ್ಲಿತ್ತು. ಪಣಕ್ಕೆ ಇಡಬಾರದ ವಸ್ತುವನ್ನು ಪಣಕ್ಕಿಟ್ಟು, ಆವೇಶದಲ್ಲಿ ಬರೆದುಕೊಟ್ಟ ಮೇಲೆ ಎಷ್ಟು ಧೈರ್ಯವಿದ್ದರೂ ನಾಲಿಗೆ ತೊಡರದೆ ಇರದು. ಅಂಗಡಿಯ ಗಲ್ಲೆಯ ಮೇಲೆ ಕುಳಿತ ಯಾವ ವ್ಯಾಪಾರಿಯೂ ಇದನ್ನು ಬಲ್ಲ.

ಇದಾದ ಸುಮಾರು ಎರಡು ಶತಮಾನಗಳ ಬಳಿಕ ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರು ಮತ್ತೊಮ್ಮೆ ಅರಸನ ಮುಂದೆ ನಿಂತರು. ಶಕವರ್ಷ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಮಾಸ, ಅಂದರೆ ಕ್ರಿ.ಶ. 1368. ಈ ಪ್ರಸಂಗವನ್ನು ತಿಳಿಸುವ ಶಾಸನವು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಒಂದು ಪ್ರತಿಯುಂಟು. ಬೆಳಗೊಳಕ್ಕೆ ಹೋದವರು ದೊಡ್ಡ ಬೆಟ್ಟವನ್ನು ಹತ್ತಿಳಿದು, ಊರೊಳಗಿನ ಭಂಡಾರಿ ಬಸದಿಯಲ್ಲಿ ಚತುರ್ವಿಂಶತಿ ತೀರ್ಥಂಕರರಿಗೆ ನಮಸ್ಕರಿಸಿ, ಈ ಕಲ್ಲನ್ನು ಗಮನಿಸದೆ ಹಿಂದಿರುಗುವುದೇ ಹೆಚ್ಚು.

ಶಾಸನದ ಒಕ್ಕಣೆ ಹೀಗಿದೆ. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದವುಂಟಾಗಲು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಇವುಗಳನ್ನೊಳಗೊಂಡ ಸಮಸ್ತ ನಾಡಿನ ಭವ್ಯಜನರು ಭಕ್ತರು ಮಾಡುವ ಅನ್ಯಾಯಗಳನ್ನು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ಇಲ್ಲಿ ಕೆಲವು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಬಿನ್ನಹ ಮಾಡಿದವರು ಒಬ್ಬ ಪ್ರಭಾವಿ ಮಂತ್ರಿಯೋ ಮಠಾಧಿಪತಿಯೋ ಅಲ್ಲ. ವಿಜಯನಗರದ ಅಧಿಕಾರ ವರ್ಗದಲ್ಲಿ ಜೈನರಿಗೆ ಸ್ಥಾನವಿದ್ದಿತು. ದಂಡನಾಯಕ ಬೈಚಪ್ಪನೂ ಅವನ ಮಗ ಇರುಗಪ್ಪನೂ ಇದಕ್ಕೆ ನಿದರ್ಶನ. ಆದರೂ ಶಾಸನದಲ್ಲಿ ದನಿ ಎತ್ತಿದವರು ಊರೂರಿನ ಸಾಮಾನ್ಯ ಶ್ರಾವಕರು. ದೊಡ್ಡವರ ಮೂಲಕ ಕಿವಿಯಲ್ಲಿ ಹೇಳಿಸಿ ಕಾರ್ಯ ಸಾಧಿಸುವ ದಾರಿಯನ್ನು ಬಿಟ್ಟು, ಊರುಗಳ ಹೆಸರು ಹೇಳಿಕೊಂಡು ಬಹಿರಂಗವಾಗಿ ನಿಂತರು. ಮೊದಲು ಹೆಸರಿಸಿದ ಆನೆಗೊಂದಿಯು ಹರಿಹರದ ಕೆಳಗೆ ಇದೇ ತುಂಗಭದ್ರೆಯ ದಂಡೆಯಲ್ಲಿದೆ. ಪೆನುಗೊಂಡೆ ಇಂದಿನ ಆಂಧ್ರದಲ್ಲಿದೆ, ಕಲ್ಲೆಹ ಮಾಗಡಿಯ ಸೀಮೆಯಲ್ಲಿದೆ. ಇಷ್ಟು ದೂರದ ಊರುಗಳವರು ಒಂದು ಮಾತಿಗೆ ಬರಬೇಕಾದರೆ ಎಷ್ಟು ಸಾರಿ ಓಲೆಗಳು ಓಡಾಡಿರಬೇಕು, ಎಷ್ಟು ರಾತ್ರಿ ಬಸದಿಗಳ ಜಗತಿಯ ಮೇಲೆ ಕುಳಿತು ಚರ್ಚಿಸಿರಬೇಕು ಎಂಬುದನ್ನು ಊಹಿಸಬಹುದು. ನಾಲ್ಕು ಊರಿನ ಜೈನರು ಒಂದು ಮಹಾಸಭೆಯ ದಿನಾಂಕವನ್ನು ಗೊತ್ತುಮಾಡುವುದು ಇಂದಿಗೂ ಸುಲಭವಲ್ಲ.

ಎರಡನೆಯದು, ಅವರು ಬೇಡಿದ್ದು ಏನು ಎಂಬುದು. ಅನ್ಯಾಯಗಳ ಪಟ್ಟಿಯನ್ನು ಶಾಸನವು ಕೊಟ್ಟಿಲ್ಲ. ತೀರ್ಪಿನಿಂದ ಅದನ್ನು ಊಹಿಸಬೇಕು. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುವುವು ಎಂದು ಅರಸನು ವಿಧಿಸಿದನು. ಆದ್ದರಿಂದ ಉತ್ಸವದ ವಾದ್ಯ ಮತ್ತು ಕಲಶದ ಗೌರವಕ್ಕೆ ಅಡ್ಡಿಯುಂಟಾಗಿತ್ತೆಂದು ತಿಳಿಯಬಹುದು. ಪೂರ್ವಮರ್ಯಾದೆ ಎಂಬ ಪದವೇ ಇಲ್ಲಿ ಜೀವಾಳ. ಅವರು ಹೊಸದೇನನ್ನೂ ಕೇಳಲಿಲ್ಲ, ಎದುರಿನವರಿಗೆ ಶಿಕ್ಷೆಯನ್ನೂ ಬೇಡಲಿಲ್ಲ. ಹಿಂದಿನಿಂದ ನಡೆದುಬಂದುದು ಏನೆಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು, ಅದನ್ನಷ್ಟೇ ಕೇಳಿದರು. ತನ್ನದು ಯಾವುದು, ಎಷ್ಟು, ಯಾವಾಗಿನಿಂದ ಎಂಬುದನ್ನು ಬಲ್ಲವನ ಧ್ವನಿ ತಾನಾಗಿಯೇ ಸ್ಥಿರವಾಗುತ್ತದೆ. ಅರೆತಿಳಿವಿನಿಂದ ಮಾತನಾಡುವವನು ಒಂದೋ ತಡವರಿಸುತ್ತಾನೆ, ಇಲ್ಲವೇ ಅರಚುತ್ತಾನೆ.

ಬುಕ್ಕರಾಯನು ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ಮೇಲುಕೋಟೆ ಮೊದಲಾದ ಸ್ಥಾನಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿದನು. ಜೈನದರ್ಶನಕ್ಕೆ ಭಕ್ತರಿಂದ ಹಾನಿವೃದ್ಧಿಗಳಾದರೆ ಅದನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಭಾವಿಸಿ ಪಾಲಿಸತಕ್ಕದ್ದು. ಚಂದ್ರಸೂರ್ಯರಿರುವವರೆಗೆ ಇದು ನಡೆಯತಕ್ಕದ್ದು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡತಕ್ಕದ್ದು. ಜೈನ ಬಸದಿಯಲ್ಲಿ ನಿಂತ ಈ ಶಾಸನವು ರಾಮಾನುಜರ ಸ್ತುತಿಯಿಂದ ಆರಂಭವಾಗುವುದೂ ಉಂಟು. ಬುಕ್ಕನು ಜೈನನೂ ಅಲ್ಲ, ಶ್ರೀವೈಷ್ಣವನೂ ಅಲ್ಲ. ಅವನ ಮನೆತನದ ಒಲವು ಶೈವದ ಕಡೆಗೆ. ಅವನ ಔದಾರ್ಯವನ್ನು ಇತಿಹಾಸದ ಪುಸ್ತಕಗಳು ಹೊಗಳಿವೆ, ಹೊಗಳತಕ್ಕದ್ದೇ. ಆದರೆ ಬಿನ್ನಹವೇ ಇಲ್ಲದಿದ್ದರೆ ಆ ಔದಾರ್ಯಕ್ಕೆ ಅವಕಾಶವೆಲ್ಲಿತ್ತು? ಶಾಲಾ ಪಾಠಗಳಲ್ಲಿ ಅರಸನ ಹೆಸರು ಉಳಿಯಿತು, ಕೇಳಿದವರ ಊರುಗಳ ಹೆಸರು ಮರೆಯಾಯಿತು.

ಇನ್ನು ಲೆಕ್ಕದ ಮಾತು. ರಾಜ್ಯದಲ್ಲಿರುವ ಜೈನರ ಮನೆಮನೆಯಿಂದ, ಬಾಗಿಲಿಗೆ ಒಂದು ಹಣದಂತೆ ವರ್ಷಕ್ಕೊಮ್ಮೆ ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನು ಇಡಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕು. ಈ ಹಣವನ್ನು ಎತ್ತಿ ಖರ್ಚು ಮಾಡುವ ಹೊಣೆ ಯಾರದು? ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದ ಹಿರಿಯನದು! ರಕ್ಷಣೆಯ ವೆಚ್ಚವನ್ನು ಕೇಳಿದವರೇ ಹೊತ್ತರು. ರಕ್ಷಣೆಯ ಹೊಣೆಯನ್ನು ಯಾರ ಮೇಲೆ ದೂರಿತ್ತೋ ಅವರ ಹೆಗಲಿಗೆ ಹೊರಿಸಲಾಯಿತು. ವಸೂಲಿಯ ದರ, ವಸೂಲಿ ಮಾಡುವವನು, ವಿನಿಯೋಗದ ಬಾಬು, ಉಳಿಕೆಯ ಬಾಬು ನಾಲ್ಕೂ ಸ್ಪಷ್ಟವಾಗಿವೆ. ತಪ್ಪಿ ನಡೆದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ ಎಂಬ ನಿಬಂಧನೆಯೂ ಇದೆ. ಟ್ರಸ್ಟುಗಳ ಠರಾವು ಪುಸ್ತಕಗಳಲ್ಲಿ ಇಷ್ಟು ಅಚ್ಚುಕಟ್ಟಾದ ಬರವಣಿಗೆ ದುರ್ಲಭ.

ಈ ತೀರ್ಪು ಅರಮನೆಯ ಬಾಗಿಲಲ್ಲಿಯೇ ಒಣಗಿಹೋಗಬಹುದಿತ್ತು. ಅದನ್ನು ಉಳಿಸಿದವನು ಒಬ್ಬ ಸೆಟ್ಟಿ. ಶಾಸನದ ಕೊನೆಯ ಭಾಗದಲ್ಲಿ, ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಮತ್ತೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಇದನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕಟ್ಟಿದರೆಂದೂ ಹೇಳಿದೆ. ಒಮ್ಮೆ ಕೇಳಿ ಸುಮ್ಮನಾಗದೆ ಎರಡನೆಯ ಬಾರಿ ಹೋದವನು ಅವನು. ಅವನಿಗೆ ಪದವಿ ಕೊಟ್ಟವರಲ್ಲಿ ವೈಷ್ಣವರೂ ಇದ್ದರು. ಇದಾಗಿ 18 ವರ್ಷಗಳಲ್ಲಿ, 1386ರಲ್ಲಿ, ರಾಜಧಾನಿಯಾದ ವಿಜಯನಗರದಲ್ಲಿಯೇ ಇರುಗಪ್ಪ ದಂಡನಾಯಕನು ಕುಂಥುನಾಥ ಜಿನಾಲಯವನ್ನು ಕಟ್ಟಿಸಿದನು. ಹಂಪೆಯಲ್ಲಿ ಇಂದು ಜನರು ಗಾಣಗಿತ್ತಿ ದೇವಾಲಯವೆಂದು ಕರೆಯುವುದು ಅದನ್ನೇ.

ಹಳೇಬೀಡಿನ ಪ್ರಸಂಗವು 1638ರದು. ಬೇಲೂರಿನಲ್ಲಿ ವೆಂಕಟಾದ್ರಿ ನಾಯಕನ ಆಳ್ವಿಕೆ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಊರು ಎರಡಾಗುವುದಕ್ಕೆ ಇಷ್ಟು ಸಾಕಿತ್ತು. ಆಗ ಹಾಸನದ ಪದ್ಮಣ್ಣಸೆಟ್ಟಿ ಮುಂತಾದ ಜೈನ ಸೆಟ್ಟಿಗಳು ಮುಂದೆ ಬಂದು ವೀರಶೈವ ಮಹಾಮಹತ್ತಿನ ಮುಂದೆಯೇ ವಿಷಯವನ್ನಿಟ್ಟರು. ಮಹಾಮಹತ್ತಿನ ಹಿರಿಯರು ಸೇರಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ಜೈನರು ತಮ್ಮ ಪೂರ್ವಮರ್ಯಾದೆಯಂತೆ ಪೂಜೆ ಪುರಸ್ಕಾರಗಳನ್ನು ಆಚಂದ್ರಾರ್ಕವಾಗಿ ನಡೆಸಬಹುದೆಂದು ಕಲ್ಲಿನಲ್ಲಿ ಬರೆಯಿಸಿದರು. ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ ಎಂಬ ಶಾಪವನ್ನೂ ಸೇರಿಸಿದರು.

ವಿಭೂತಿ ವೀಳ್ಯಗಳ ಷರತ್ತನ್ನು ಓದಿ ಕೆಲವರು ಇದನ್ನು ಸೋಲೆಂದು ಬಗೆಯುತ್ತಾರೆ. ಹಾಗೆ ಹೇಳುವುದಕ್ಕೆ ಆಧಾರವಿಲ್ಲದಿಲ್ಲ. ಆದರೆ ರಾಜಿಗೆ ಬೆಲೆ ಇದ್ದೇ ಇರುತ್ತದೆ. ಆ ಬೆಲೆ ಎಷ್ಟೆಂದು ಬರೆದಿಟ್ಟಿದ್ದರೆ ಅದು ಬೆಳೆಯುವುದಿಲ್ಲ. ಬರೆಯದೆ ಉಳಿದ ತಗ್ಗುವಿಕೆ ವರ್ಷ ವರ್ಷಕ್ಕೂ ಬಡ್ಡಿ ಹಾಕಿಕೊಂಡು ಬೆಳೆಯುತ್ತದೆ. ಪದ್ಮಣ್ಣಸೆಟ್ಟಿ ಕೊಟ್ಟದ್ದು ಒಂದು ವೀಳ್ಯ. ಪಡೆದದ್ದು ಎದುರಿನವರ ದೈವದ ಆಣೆಯ ಕಾವಲು. ಆ ಬಸದಿಯ ಪಾರ್ಶ್ವನಾಥ ಸ್ವಾಮಿ ಇಂದಿಗೂ ಅಲ್ಲಿಯೇ ನಿಂತಿದ್ದಾನೆ.

ಮೌನವೇ ಅಹಿಂಸೆ ಎಂಬ ಭಾವನೆ ಜೈನ ಗೃಹಸ್ಥರಲ್ಲಿ ಆಳವಾಗಿ ಬೇರೂರಿದೆ. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಭಾಷಾಸಮಿತಿಯು ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ನುಡಿಯಬೇಕೆನ್ನುತ್ತದೆ, ನುಡಿಯಲೇಬಾರದೆನ್ನುವುದಿಲ್ಲ. ಶ್ರಾವಕನು ತ್ಯಜಿಸಲೇಬೇಕಾದುದು ಸಂಕಲ್ಪೀ ಹಿಂಸೆ. ತನ್ನ ಮೇಲೆ ಬಂದುದನ್ನು ತಡೆಯುವಾಗ ಉಂಟಾಗುವ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೆ ಪೂರ್ತಿಯಾಗಿ ನಿಷೇಧಿಸಿಲ್ಲ. ಹಾಗಿರುವಾಗ ಬರಿಯ ಮಾತಿನಿಂದ ಮಾಡುವ ಪ್ರತಿರೋಧದಲ್ಲಿ ದೋಷವೇನು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಧರ್ಮಮಾರ್ಗಕ್ಕೆ ಅಶಕ್ತರಿಂದ ಬರುವ ನಿಂದೆಯನ್ನು ನಿವಾರಿಸುವುದು ಅದರ ಅರ್ಥ. ಆದರೆ ಎಷ್ಟೋ ಕಡೆ ಆಡಳಿತ ಮಂಡಳಿಯ ಲೋಪವನ್ನು ಕೇಳಹೊರಟ ಯುವಕನನ್ನು, ಪಾಲಿನ ವಿಚಾರ ಎತ್ತಿದ ವಿಧವೆಯನ್ನು, ಸಂಬಳ ಬಾಕಿಯೆಂದ ಪುರೋಹಿತನನ್ನು ಸುಮ್ಮನಾಗಿಸಲು ಈ ಪದವನ್ನೇ ಬಳಸಲಾಗುತ್ತದೆ. ಮೌನಂ ಸಮ್ಮತಿಲಕ್ಷಣಂ ಎಂಬುದನ್ನು ಹೊರಗಿನವರು ಮಾತ್ರವಲ್ಲದೆ ಒಳಗಿನವರೂ ಉಪಯೋಗಿಸಿಕೊಳ್ಳುತ್ತಾರೆ.

ದಾವಣಗೆರೆಯಂತಹ ವ್ಯಾಪಾರದ ಊರಿನಲ್ಲಿ ಮೌನಕ್ಕೆ ಇನ್ನೊಂದು ಕಾರಣವಿದೆ. 1936ರಲ್ಲಿ ಕಾಟನ್ ಮಿಲ್ ಆರಂಭವಾದಂದಿನಿಂದ ಬೆಳೆದ ಊರು; ಹತ್ತಿಯವನಿಗೂ ದಲಾಲಿಗೂ, ಹಮಾಲನಿಗೂ ಲಾರಿಯವನಿಗೂ ದಿನ ಬೆಳಗಾದರೆ ಮುಖ ಮುಖ ನೋಡಬೇಕು. ಒಬ್ಬರ ಮೇಲೆ ಅರ್ಜಿ ಕೊಟ್ಟರೆ ನಾಳೆ ಅಂಗಡಿಗೆ ಗಿರಾಕಿ ಬಾರದೆ ಇದ್ದಾನೆಂಬ ಅಂಜಿಕೆ. ಈ ಅಂಜಿಕೆ ಸುಳ್ಳಲ್ಲ. ಬುಸುವಿಸೆಟ್ಟಿಗೂ ಅದು ಇದ್ದಿರಬೇಕು. ಅವನೂ ಕಲ್ಲೆಹದ ಪೇಟೆಯಲ್ಲಿಯೇ ಬದುಕಬೇಕಾದವನು. ಬಸದಿಯ ಜಮೀನಿನ ಪಹಣಿ, ಸರ್ವೆ ನಕ್ಷೆ, ದಾನಪತ್ರದ ನಕಲುಗಳನ್ನು ಒಂದು ಪೆಟ್ಟಿಗೆಯಲ್ಲಿ ಸಿದ್ಧವಾಗಿಟ್ಟುಕೊಂಡ ಟ್ರಸ್ಟು ಒತ್ತುವರಿಯ ಮಾತನ್ನು ನೆರೆಯವನೊಡನೆ ನಗುಮುಖದಿಂದಲೇ ಆಡಬಲ್ಲುದು. ಪೆಟ್ಟಿಗೆ ಬರಿದಾಗಿರುವ ಟ್ರಸ್ಟಿಗೆ ಮೌನ ಅಥವಾ ಜಗಳ ಎರಡೇ ದಾರಿ.

ಈಚಿನ ಕಾಲದಲ್ಲಿಯೂ ಕೇಳಿದ ಕೂಡಲೆ ದೊರೆತದ್ದಿಲ್ಲ. ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಪ್ರಕಟಿಸುವಂತೆ ಆದೇಶಿಸಲು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಒಪ್ಪಲಿಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿತು. ನಡುವಿನ ಒಂಬತ್ತು ವರ್ಷ ಮನವಿಗಳನ್ನು ಬರೆಯುತ್ತಲೇ ಇದ್ದವರು ಅನೇಕರು.

ಬುಕ್ಕರಾಯನ ಶಾಸನದಲ್ಲಿ ಇನ್ನೊಂದು ಸಾಲು ಉಳಿದಿದೆ. ಯಾರ ಕೈಯಲ್ಲಿ ಜೈನರ ಕೈಯನ್ನು ಇರಿಸಲಾಯಿತೋ ಆ ವೈಷ್ಣವ ಸಮೂಹದ ಪಟ್ಟಿಯಲ್ಲಿ ಆಚಾರ್ಯರ ಹಿಂದೆ ತಿರುಕುಲ, ಜಾಂಬವಕುಲ ಎಂಬ ಹೆಸರುಗಳು ಬರುತ್ತವೆ. ಊರ ಹೊರಗೆ ಬಾಳುವೆ ಮಾಡಬೇಕಾಗಿದ್ದ ಜನರ ಹೆಸರುಗಳು ಇವು. ಮೇಲುಕೋಟೆಯಲ್ಲಿ ರಾಮಾನುಜರಿಗೆ ನೆರವಾದುದರಿಂದ ತಿರುಕುಲವೆಂಬ ಗೌರವದ ಹೆಸರು ಬಂದಿತೆಂದು ಸಂಪ್ರದಾಯ ಹೇಳುತ್ತದೆ. ಜೈನರನ್ನು ಕಾಪಾಡುವ ಹೊಣೆಯಲ್ಲಿ ಅವರಿಗೂ ಪಾಲು ದೊರೆಯಿತು. ಅವರ ಸ್ವಂತ ಅನ್ಯಾಯಗಳ ಬಿನ್ನಹ ಮಾತ್ರ ಆ ಕಲ್ಲಿನಲ್ಲಿಲ್ಲ. ಅವರ ಕೈಯಲ್ಲಿ ಪೂರ್ವಮರ್ಯಾದೆಯ ಓಲೆ ಇರಲಿಲ್ಲ. ಪೂರ್ವಮರ್ಯಾದೆಯೇ ಅವರಿಗೆ ಮುಳುವಾಗಿತ್ತು. ಹಳೆಯದನ್ನು ತೋರಿಸಿ ನ್ಯಾಯ ಕೇಳುವ ಸೆಟ್ಟಿಗಳ ದಾರಿ ಅವರಿಗೆ ಒದಗುವಂತಿರಲಿಲ್ಲ.

ಆರು ಶತಮಾನಗಳ ಬಳಿಕ ಆ ದನಿ ಎದ್ದುದು ಹರಿಹರದ ಮಗನೊಬ್ಬನಿಂದ. 1938ರಲ್ಲಿ ಹರಿಹರದಲ್ಲಿ ಜನಿಸಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. 1973ರ ಬೂಸಾ ಪ್ರಕರಣದ ತರುವಾಯ ಅವರು ಸ್ನೇಹಿತರೊಡಗೂಡಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಭೂಮಿಗಾಗಿ ನಡೆದ ಹೋರಾಟಗಳು, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ಎದ್ದ ಕೂಗು ಆ ಸಂಘಟನೆಯಿಂದ ಬಂದವು. ಹಳೆಯ ಓಲೆ ಇಲ್ಲದವರು ಸಂವಿಧಾನವನ್ನು ಓಲೆಯನ್ನಾಗಿ ಮಾಡಿಕೊಂಡರು. ಹಳ್ಳಿಹಳ್ಳಿಯಲ್ಲಿ ಅರ್ಜಿ ಬರೆಯುವುದನ್ನು ಕಲಿತರು, ಹಾಡು ಕಟ್ಟಿದರು, ಪತ್ರಿಕೆ ನಡೆಸಿದರು. ಊರಿನ ಮುಖಂಡರು ಮತ್ತು ವರ್ತಕರು ಮೊದಮೊದಲು ಅವರ ಮಾತನ್ನು ಗಲಾಟೆ ಎಂದೇ ಕರೆದರು. 1368ಕ್ಕಿಂತ ಮುಂಚೆ ಭವ್ಯಜನರ ಬಿನ್ನಹವನ್ನೂ ಯಾರಾದರೂ ಹಾಗೆ ಕರೆದಿದ್ದರೆ ಆಶ್ಚರ್ಯವಿಲ್ಲ.

ಕೃಷ್ಣಪ್ಪನವರು 1997ರಲ್ಲಿ ತೀರಿಕೊಂಡರು. ಅವರ ಸಮಾಧಿಯು ಹರಿಹರದ ಹೊರವಲಯದ ಮೈತ್ರಿವನದಲ್ಲಿದೆ.